ಪೈಕ್ ಹಿಡಿಯಲು ಸಾಫ್ಟ್ ಪ್ಲಾಸ್ಟಿಕ್ ಲೂರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೆತ್ತನೆಯ ಪ್ಲಾಸ್ಟಿಕ್ ಲೂರ್, ಅಂದರೆ ಮೀನನ್ನು ಸೆಳೆಯುವ ನಕಲಿ ಎರೆ, ಹಿಡಿದು ಪೈಕ್ ಎಂಬ ಬೇಟೆಗಾರ ಮೀನಿನ ಬೆನ್ನು ಹತ್ತುವವರು ಮೊದಲು ಕೇಳುವುದು ಬಣ್ಣದ ಬಗ್ಗೆ. ನನ್ನ ಪ್ರಕಾರ ಬಣ್ಣದ ಸರದಿ ಕೊನೆಗೆ ಬರಬೇಕು. ಲೂರ್ ಯಾವ ಆಳದಲ್ಲಿ ಹೋಗುತ್ತಿದೆ, ಎಷ್ಟು ನಿಧಾನವಾಗಿ ಹೋಗುತ್ತಿದೆ, ಇವೆರಡು ಕೈಗೆ ಹತ್ತಿದರೆ ಅರ್ಧ ಕೆಲಸ ಮುಗಿದಂತೆ. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಹಿಡಿದ ಮೀನನ್ನು ಪೆಟ್ಟಾಗದಂತೆ ವಾಪಸ್ ಬಿಡುವ ಬಗ್ಗೆಯೂ ಜಾಸ್ತಿ ಬರೆದಿದ್ದೇನೆ. ಪೈಕ್ ನೋಡಲು ಒರಟು, ಆದರೆ ಬಹಳ ಬೇಗ ಸೋಲುವ ಮೀನು.

ಸಾಫ್ಟ್ ಪ್ಲಾಸ್ಟಿಕ್ ಲೂರ್ ಅಂದರೆ ಏನು? ಗಟ್ಟಿ ಲೂರಿಗಿಂತ ಹೇಗೆ ಬೇರೆ?

ಮೀನಿನ ಆಕಾರದಲ್ಲೋ ಹುಳದ ಆಕಾರದಲ್ಲೋ ಅಚ್ಚು ಹಾಕಿದ ಮೆತ್ತನೆಯ ಲೂರ್ ಇದು. ಹೆಚ್ಚಿನವು ಪಿವಿಸಿಗೆ ಮೆದುಗೊಳಿಸುವ ಎಣ್ಣೆಯಂಥ ದ್ರವ ಸೇರಿಸಿ, ಕಾಯಿಸಿ, ಅಚ್ಚಿಗೆ ಹೊಯ್ದು ಮಾಡಿದವು. ಈಗ ಟಿಪಿಇ ಎಂಬ ಇನ್ನೊಂದು ವಸ್ತುವಿನಲ್ಲೂ ಬರುತ್ತವೆ. ಅದು ರಬ್ಬರಿನಂತೆ ತುಂಬಾ ಹಿಗ್ಗುತ್ತದೆ, ಹಲ್ಲಿಗೆ ಅಷ್ಟು ಬೇಗ ಹರಿಯುವುದಿಲ್ಲ.

ಗಟ್ಟಿ ಲೂರಿನ ನಡೆ, ಅದು ಮುಳುಗುವ ಆಳ, ಎರಡನ್ನೂ ತಯಾರಿಸಿದವರೇ ನಿರ್ಧರಿಸಿಬಿಟ್ಟಿರುತ್ತಾರೆ. ಮೆತ್ತನೆಯ ಲೂರಿನಲ್ಲಿ ಆ ನಿರ್ಧಾರ ನಿಮ್ಮದು. ಒಂದೇ ಶಾಡ್‌ಗೆ, ಅಂದರೆ ಮೀನಿನ ಆಕಾರದ ಮೆತ್ತನೆಯ ಲೂರಿಗೆ, ಬೇರೆ ಬೇರೆ ತೂಕ ಹಾಕಿ ಅರ್ಧ ಮೀಟರ್ ಆಳದಲ್ಲೂ ಓಡಿಸಬಹುದು, ಎಂಟು ಮೀಟರ್ ಆಳದಲ್ಲೂ ಓಡಿಸಬಹುದು. ನನಗೆ ಇದರ ಮೇಲೆ ಇಷ್ಟು ಪ್ರೀತಿ ಇರುವುದು ಈ ಕಾರಣಕ್ಕೇ.

ಪೈಕ್ ಇದನ್ನು ಯಾಕೆ ಕಚ್ಚುತ್ತದೆ?

ಪೈಕ್ ಹೊಂಚು ಹಾಕಿ ಬೇಟೆಯಾಡುವ ಮೀನು. ಬೆನ್ನಿನ ರೆಕ್ಕೆ ತೀರಾ ಹಿಂದೆ, ಬಾಲದ ಹತ್ತಿರ ಇರುತ್ತದೆ. ಇಡೀ ಮೈ ಒಂದೇ ನೆಗೆತಕ್ಕೆ ಮಾಡಿಟ್ಟಂತಿದೆ. ಜೊಂಡಿನ ಅಂಚಿನಲ್ಲಿ ಅಲುಗಾಡದೆ ನಿಂತಿರುತ್ತದೆ. ಬೇಟೆ ಹತ್ತಿರ ಬಂದಾಗ ಮೈಯನ್ನು ಎಸ್ ಅಕ್ಷರದಂತೆ ಬಾಗಿಸಿ ಒಮ್ಮೆಲೇ ಎರಗುತ್ತದೆ.

ನೀರಿನ ಕದಲಿಕೆಯನ್ನು ಅದು ಮೈಯ ಎರಡೂ ಬದಿಯ ಗೆರೆಯಲ್ಲಿರುವ ಸೂಕ್ಷ್ಮ ಅಂಗಗಳಿಂದ ಗ್ರಹಿಸುತ್ತದೆ. ಅಗಲ ಬಾಲದ ಶಾಡ್ ಒದೆಯುವಾಗ ಏಳುವ ಮಿಡಿತ ಕಲಕಿದ ನೀರಿನಲ್ಲೂ ಅದಕ್ಕೆ ತಿಳಿಯುತ್ತದೆ. ಇನ್ನೊಂದು ಅನುಕೂಲ ಎಂದರೆ, ಬಾಯಿಗೆ ಹೋದ ಮೇಲೂ ಈ ಲೂರ್ ಮೆತ್ತಗೇ ಇರುತ್ತದೆ. ಹಲ್ಲು ಒಳಗೆ ಇಳಿಯುತ್ತದೆ, ಪೈಕ್ ಅದನ್ನು ತಕ್ಷಣ ಉಗುಳುವುದು ಕಡಿಮೆ.

ಅದರ ಕಣ್ಣು ತಲೆಯ ಮೇಲ್ಭಾಗದಲ್ಲಿದೆ. ಮುಂದೆ ಮತ್ತು ಮೇಲೆ ಚೆನ್ನಾಗಿ ನೋಡುತ್ತದೆ. ಹಾಗಾಗಿ ಲೂರ್ ಮೀನಿಗಿಂತ ಸ್ವಲ್ಪ ಮೇಲೆ ಹೋಗಬೇಕು. ಹೊಟ್ಟೆಯ ಕೆಳಗೆ ಹೋದ ಲೂರ್ ಅದರ ಕಣ್ಣಿಗೇ ಬೀಳದೆ ಹೋಗಬಹುದು.

ಇಷ್ಟೊಂದು ಆಕಾರಗಳಿವೆ. ಮೊದಲು ಯಾವುದು ಕೊಳ್ಳಲಿ?

ಅಗಲ ಬಾಲದ ಶಾಡ್. ಸುಮ್ನೆ ಒಂದೇ ವೇಗದಲ್ಲಿ ರೀಲ್ ಸುತ್ತಿದರೂ ಅದರ ಬಾಲ ತಾನೇ ಒದೆಯುತ್ತದೆ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಸುರುಳಿ ಬಾಲದವು ಇನ್ನೂ ನಿಧಾನಕ್ಕೆ ಎಳೆದರೂ ಜೀವಂತವಾಗಿ ಕಾಣುತ್ತವೆ. ಚಳಿ ನೀರಿನಲ್ಲಿ ನಾನು ಕೈ ಹಾಕುವುದು ಅದಕ್ಕೇ. ಆದರೆ ತೆಳ್ಳಗಿನ ಬಾಲ ಒಂದೆರಡು ಕಡಿತಕ್ಕೆ ಹೋಗಿಬಿಡುತ್ತದೆ. ಚೂಪು ಬಾಲದ ಜರ್ಕ್ ಶಾಡ್‌ಗೆ ಸ್ವಂತ ನಡೆ ಇಲ್ಲ, ರಾಡ್ ಎಳೆದಾಗ ಮಾತ್ರ ಅತ್ತಿತ್ತ ಜಾರುತ್ತದೆ. ಹಿಂಬಾಲಿಸಿ ಬಂದು ಕಚ್ಚದೆ ಹೋಗುವ ಮೀನಿಗೆ ಅದು ಬಹಳ ಒಳ್ಳೆಯದು. ಶಾಡ್ ಕೈಗೆ ಒಗ್ಗಿದ ಮೇಲೆ ಅದನ್ನು ಕಲಿಯಿರಿ.

ಎಷ್ಟು ಉದ್ದದ ಲೂರ್ ಬೇಕು?

15 ಸೆಂ.ಮೀ.ನಿಂದ ಶುರು ಮಾಡಿ. ಸಣ್ಣ ಪೈಕ್ ಕೂಡ ಅದನ್ನು ಕಚ್ಚುತ್ತದೆ, ದೊಡ್ಡದೂ ಬಿಡುವುದಿಲ್ಲ. ಪೈಕ್ ತನ್ನ ಮೈಯ ಮೂರನೇ ಒಂದು ಭಾಗದಷ್ಟು ಉದ್ದದ ಮೀನನ್ನೂ ನುಂಗಬಲ್ಲದು. ಹಾಗಾಗಿ 20, 23 ಸೆಂ.ಮೀ. ಲೂರ್ ಕೂಡ ಅದಕ್ಕೆ ಅತಿಯಲ್ಲ. ಗಾಳದ ಮೀನುಗಳ ವಿಶ್ವ ದಾಖಲೆ ಇಡುವ ಸಂಸ್ಥೆ ಐಜಿಎಫ್‌ಎ. ಅದರ ದಾಖಲೆಯ ಪೈಕ್ 25 ಕೆ.ಜಿ. ತೂಗಿತ್ತು. ಅದು 1986ರ ಅಕ್ಟೋಬರ್‌ನಲ್ಲಿ ಅಂದಿನ ಪಶ್ಚಿಮ ಜರ್ಮನಿಯ ಗ್ರೆಫೆರ್ನ್ ಕೆರೆಯಲ್ಲಿ ಸಿಕ್ಕಿದ್ದು. ಅಂಥ ಬಾಯಿಗೆ 20 ಸೆಂ.ಮೀ. ಒಂದು ತುತ್ತು ಅಷ್ಟೇ.

ನೀರು ತೀರಾ ತಿಳಿಯಾಗಿದ್ದು, ಜನ ಜಾಸ್ತಿ ಬರುವ ಕೆರೆಯಾಗಿದ್ದರೆ 10–12 ಸೆಂ.ಮೀ.ಗೆ ಇಳಿಯಿರಿ. ಆ ವರ್ಷ ಹುಟ್ಟಿದ ಸಣ್ಣ ಮೀನುಗಳ ಹಿಂಡು ಓಡಾಡುವ ಬೇಸಿಗೆಯ ದಿನಗಳಲ್ಲೂ ಸಣ್ಣ ಲೂರ್ ಕೆಲಸ ಮಾಡುತ್ತದೆ.

ಒಂದು ಮಾತು ಮರೆಯಬೇಡಿ. ಲೂರ್ ದೊಡ್ಡದಾದರೆ ಅದರ ಸ್ವಂತ ತೂಕವೂ ಏರುತ್ತದೆ. 15 ಸೆಂ.ಮೀ. ಶಾಡ್ ಒಂದೇ ಸುಮಾರು 25ರಿಂದ 40 ಗ್ರಾಂ ಬರುತ್ತದೆ. 20 ದಾಟಿದರೆ 70, 100 ಗ್ರಾಂವರೆಗೂ ಹೋಗಬಹುದು. ನಿಮ್ಮ ರಾಡ್ ಅದನ್ನು ತಡೆಯಬೇಕು.

ಬಣ್ಣ?

ನೀರು ತಿಳಿಯಾಗಿದ್ದರೆ ಅಲ್ಲಿನ ಸಣ್ಣ ಮೀನಿನ ಬಣ್ಣ: ಬೆಳ್ಳಿ, ಕಂದು, ಹಸಿರು ಪಟ್ಟೆ. ಕಲಕಿದ್ದರೆ ಕಣ್ಣು ಕುಕ್ಕುವ ಹಳದಿ, ಕಿತ್ತಳೆ. ಬೆಳಕು ತೀರಾ ಕಡಿಮೆ ಇದ್ದರೆ ಕಪ್ಪು, ಯಾಕೆಂದರೆ ಕೆಳಗಿನಿಂದ ನೋಡಿದಾಗ ಆಕಾಶದ ಎದುರು ಅದರ ಆಕಾರ ಎದ್ದು ಕಾಣುತ್ತದೆ. ಮೂರು ಬಣ್ಣ ಸಾಕು. ಬಣ್ಣ ಬದಲಿಸುವ ಮೊದಲು ಆಳ ಬದಲಿಸಿ, ವೇಗ ಬದಲಿಸಿ.

ಜಿಗ್ ಹೆಡ್ ಎಷ್ಟು ತೂಕದ್ದು ಇರಬೇಕು?

ಕೇಳಬೇಕಾದ ಮುಖ್ಯ ಪ್ರಶ್ನೆ ಇದು.

ಜಿಗ್ ಹೆಡ್ ಅಂದರೆ ತಲೆಯ ಕಡೆ ಲೋಹದ ಗುಂಡು ಕೂರಿಸಿದ ಗಾಳ. ಆ ಗುಂಡಿನ ತೂಕವೇ ಲೂರ್ ಎಷ್ಟು ಬೇಗ ಮುಳುಗುತ್ತದೆ, ನೀವು ಎಷ್ಟು ನಿಧಾನಕ್ಕೆ ಎಳೆಯಬಹುದು ಎನ್ನುವುದನ್ನು ತೀರ್ಮಾನಿಸುತ್ತದೆ. ತೂಕ ಜಾಸ್ತಿಯಾದರೆ ಲೂರ್ ತಳ ಮುಟ್ಟಬಾರದು ಎಂದು ನೀವು ಬೇಗ ಬೇಗ ಸುತ್ತಲೇಬೇಕಾಗುತ್ತದೆ. ಕಡಿಮೆಯಾದರೆ ಲೂರ್ ಮೇಲೆದ್ದು ಮೀನಿರುವ ಪದರವನ್ನೇ ಬಿಟ್ಟು ಹೋಗುತ್ತದೆ.

15 ಸೆಂ.ಮೀ. ಶಾಡ್ ಎಂದುಕೊಳ್ಳಿ. 2 ಮೀಟರ್‌ವರೆಗಿನ ನೀರಿಗೆ 5–10 ಗ್ರಾಂ, 2ರಿಂದ 4 ಮೀಟರ್‌ಗೆ 10–20 ಗ್ರಾಂ, ಅದಕ್ಕೂ ಆಳಕ್ಕೆ 20 ಗ್ರಾಂ ಮೇಲೆ. ನಿಂತ ನೀರಿಗೆ ಈ ಲೆಕ್ಕ ಸರಿ. ಹರಿವು ಇದ್ದರೆ, ಗಾಳಿ ದೋಣಿಯನ್ನು ತಳ್ಳುತ್ತಿದ್ದರೆ ಇನ್ನೂ ಏರಿಸಬೇಕು. ಅನುಮಾನ ಬಂದರೆ ಹಗುರವಾದದ್ದನ್ನೇ ಆರಿಸಿ. ನಿಧಾನಕ್ಕೆ ಇಳಿಯುವ ಲೂರನ್ನು ಪೈಕ್ ಇಳಿಯುತ್ತಿರುವಾಗಲೇ ಹಿಡಿದುಬಿಡುವುದು ಎಷ್ಟೋ ಸಲ ಆಗುತ್ತದೆ.

ಆಳ ತಿಳಿಯುವುದು ಹೇಗೆ ಅಂತ ಕೇಳುತ್ತಾರೆ. ಎಣಿಸಿ. ಲೂರ್ ನೀರಿಗೆ ಬಿದ್ದ ಕೂಡಲೇ ಒಂದು, ಎರಡು, ಮೂರು ಎಂದು ಎಣಿಸುತ್ತಾ ದಾರ ಸಡಿಲಾಗುವವರೆಗೆ ಕಾಯಿರಿ. ಸಡಿಲವಾದರೆ ತಳ ಮುಟ್ಟಿತು ಎಂದರ್ಥ. ಹತ್ತು ಎಣಿಸಿದಾಗ ತಳ ಸಿಕ್ಕಿದ್ದರೆ, ಮುಂದಿನ ಎಸೆತದಲ್ಲಿ ಏಳಕ್ಕೆ ಸುತ್ತಲು ಶುರು ಮಾಡಿ. ಅದರ ಮುಂದಿನದಕ್ಕೆ ಐದಕ್ಕೆ. ಎಲ್ಲಿ ಕಚ್ಚಿತೋ ಆ ಎಣಿಕೆ ನೆನಪಿಡಿ, ಅದೇ ದಿನ ಉಳಿದ ಮೀನುಗಳೂ ಸುಮಾರಾಗಿ ಅದೇ ಪದರದಲ್ಲಿ ಇರುತ್ತವೆ.

ಕಳೆ ತುಂಬಿದ ಕಡೆ ಜಿಗ್ ಹೆಡ್ ಸಿಕ್ಕಿಕೊಳ್ಳುತ್ತದೆ. ಏನು ಮಾಡಲಿ?

ಅಲ್ಲಿ ಆಫ್‌ಸೆಟ್ ಗಾಳ ಬಳಸಿ. ಇದರಲ್ಲಿ ಗಾಳದ ಮೊನೆ ಲೂರಿನ ಬೆನ್ನಿನಲ್ಲೇ ಅಡಗಿರುತ್ತದೆ, ಕಳೆಗೆ ತಗಲುವುದಿಲ್ಲ. ಮೀನು ಕಚ್ಚಿದಾಗ ಮೆತ್ತನೆಯ ಮೈ ಒತ್ತಿಕೊಂಡು ಮೊನೆ ಹೊರಬರುತ್ತದೆ. ಗಾಳದ ಹೊಟ್ಟೆಯ ಭಾಗಕ್ಕೆ ಸಣ್ಣ ತೂಕ ಕೂರಿಸಿದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಲೂರ್ ಮಗುಚದೆ ನೆಟ್ಟಗೆ ಈಜುತ್ತದೆ.

ಇಂಥ ಗಾಳಕ್ಕೆ ಎಳೆತ ಬಲವಾಗಿರಬೇಕು. ಮೊನೆ ಮೊದಲು ಪ್ಲಾಸ್ಟಿಕ್ ದಾಟಬೇಕು, ಆಮೇಲೆ ಪೈಕ್‌ನ ಎಲುಬಿನ ಬಾಯಿಗೆ ಇಳಿಯಬೇಕು, ಅಲ್ವಾ. ದಪ್ಪ ಮೈಯ ಲೂರ್ ಇದಕ್ಕೆ ಆಗುವುದಿಲ್ಲ. ಬೆನ್ನು ತೆಳ್ಳಗಿರುವುದನ್ನೇ ಆರಿಸಿ.

ಕಳೆ ನೀರಿನ ಮೇಲ್ಮೈಗಿಂತ ಅರ್ಧ ಮೀಟರ್ ಕೆಳಗೇ ನಿಂತಿದ್ದರೆ ಇನ್ನೊಂದು ದಾರಿ ಇದೆ. ಲೂರಿನ ಮೂಗಿಗೆ ತಿರುಗಿಸಿ ಕೂರಿಸುವ ಸ್ಕ್ರೂ, ಅದಕ್ಕೆ ಜೋತ ವೈರಿನಲ್ಲಿ ಟ್ರೆಬಲ್, ಅಂದರೆ ಮೂರು ಮೊನೆಯ ಗಾಳ. ತೂಕ ಏನೂ ಇಲ್ಲ ಅಥವಾ ಬಹಳ ಕಡಿಮೆ. ಲೂರ್ ಕಳೆಯ ನೆತ್ತಿ ಸವರಿಕೊಂಡು ನಿಧಾನಕ್ಕೆ ಹೋಗುತ್ತದೆ. ಒಂದೇ ಒಂದು ವಿಧಾನ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ನನ್ನ ಲೂರ್ ನೀರಿನಲ್ಲಿ ಗಿರಗಿರ ಸುತ್ತುತ್ತದೆ. ಯಾಕೆ?

ಗಾಳ ಸೊಟ್ಟಗೆ ಕೂತಿದೆ. ಪೋಣಿಸುವ ಮೊದಲು ಗಾಳವನ್ನು ಲೂರಿನ ಪಕ್ಕ ಹಿಡಿದು ಮೊನೆ ಎಲ್ಲಿ ಹೊರಬರಬೇಕು ಎಂದು ಗುರುತು ಮಾಡಿಕೊಳ್ಳಿ. ಮೂಗಿನ ನಡುಮಧ್ಯೆ ಚುಚ್ಚಿ, ಮೈಯನ್ನು ಗಾಳದ ಮೇಲೆ ಸ್ವಲ್ಪ ಸ್ವಲ್ಪವೇ ದೂಡುತ್ತಾ ಹೋಗಿ, ಗುರುತಿನಲ್ಲೇ ಬೆನ್ನಿನ ನಡುಗೆರೆಯಲ್ಲಿ ಹೊರಗೆ ತನ್ನಿ. ಮೈ ಸುಕ್ಕುಗಟ್ಟಿದ್ದರೆ, ಬಾಗಿದ್ದರೆ ಬಿಚ್ಚಿ ಮತ್ತೆ ಪೋಣಿಸಿ. ಎಸೆಯುವ ಮೊದಲು ಕಾಲಬುಡದ ನೀರಿನಲ್ಲಿ ಒಂದು ಸಲ ಎಳೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಪೋಣಿಸಿದ್ದು ಸರಿ ಇದ್ದರೂ ಸುತ್ತುತ್ತಿದ್ದರೆ ನೀವು ತೀರಾ ವೇಗವಾಗಿ ಎಳೆಯುತ್ತಿದ್ದೀರಿ. ಇಲ್ಲವೇ ಬಾಲ ಡಬ್ಬಿಯಲ್ಲಿ ಮಡಚಿಕೊಂಡು ಬಾಗಿಬಿಟ್ಟಿದೆ. ಬಾಗಿದ ಬಾಲವನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕಿದರೆ ಸರಿಹೋಗುತ್ತದೆ.

ಹಿಂದೆ ಇನ್ನೊಂದು ಗಾಳ, ಅಂದರೆ ಸ್ಟಿಂಗರ್ ಬೇಕೇ?

12 ಸೆಂ.ಮೀ.ವರೆಗಿನ ಲೂರಿಗೆ ಬೇಡ. 15 ಸೆಂ.ಮೀ. ದಾಟಿದರೆ ಹಾಕಿ. ಕೆಲವು ಪೈಕ್ ಹಿಂದಿನಿಂದ ಬಾಲಕ್ಕೇ ಬಾಯಿ ಹಾಕುತ್ತವೆ, ಅಂಥವು ಒಂಟಿ ಗಾಳಕ್ಕೆ ಸಿಗುವುದಿಲ್ಲ.

ಟ್ರೆಬಲ್ ಗಾಳದ ಒಂದು ಮೊನೆಯನ್ನು ಲೂರಿನ ಹೊಟ್ಟೆಗೋ ಬೆನ್ನಿಗೋ ಚುಚ್ಚಿ ನಿಲ್ಲಿಸಿ, ಉಳಿದ ಎರಡು ಮೊನೆ ತೆರೆದಿರಲಿ. ಬಾಲದ ಬುಡಕ್ಕೆ ತೀರಾ ಹತ್ತಿರ ಬೇಡ, ಒದೆತ ಕಟ್ಟಿಹಾಕಿದಂತಾಗುತ್ತದೆ. ಸ್ಟಿಂಗರಿನ ತುಂಡು ಕೂಡ ವೈರಿನದ್ದೇ ಆಗಿರಬೇಕು. ಮತ್ತೆ, ಗಾಳದ ಮೊನೆಯ ಹಿಂದಿರುವ ಸಣ್ಣ ಬಾರ್ಬ್‌ಗಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ದಾರ ಬಿಗಿಯಾಗಿ ಹಿಡಿದರೆ ಮೀನು ತಪ್ಪಿಸಿಕೊಳ್ಳುವುದಿಲ್ಲ, ಬಿಡಿಸುವ ಕೆಲಸ ಮಾತ್ರ ಎಷ್ಟೋ ಬೇಗ ಮುಗಿಯುತ್ತದೆ. ಗಾಳ ನಿಮ್ಮ ಬೆರಳಿಗೇ ಹೊಕ್ಕಿದ ದಿನ ಇದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ವೈರ್ ಟ್ರೇಸ್, ಅಂದರೆ ದಾರಕ್ಕೂ ಲೂರಿಗೂ ನಡುವೆ ಕಟ್ಟುವ ಲೋಹದ ತಂತಿ, ಬೇಕೇ ಬೇಕಾ? ದಪ್ಪ ನೈಲಾನ್ ದಾರ ಸಾಲದಾ?

ಬೇಕೇ ಬೇಕು. ಇದರಲ್ಲಿ ರಾಜಿ ಇಲ್ಲ.

ಪೈಕ್ ಬಾಯಲ್ಲಿ ನೂರಾರು ಹಲ್ಲುಗಳಿವೆ. ಕೆಳದವಡೆಯ ಬದಿಯವು ದೊಡ್ಡವು, ಬ್ಲೇಡಿನಷ್ಟು ಹರಿತ. ಅಂಗುಳಿನ ತುಂಬಾ ಹಿಂದಕ್ಕೆ ಬಾಗಿದ ಸಣ್ಣ ಹಲ್ಲುಗಳ ಸಾಲು. ನೈಲಾನ್ ಆಗಲಿ, ಹೆಣೆದ ಬ್ರೇಡ್ ದಾರ ಆಗಲಿ ಅದಕ್ಕೆ ತಗಲಿದರೆ ಕ್ಷಣದಲ್ಲಿ ತುಂಡು. ನಿಮಗೆ ಹೋಗುವುದು ಒಂದು ಲೂರ್. ಆ ಮೀನು ಗಂಟಲಲ್ಲಿ ಗಾಳ ಸಿಕ್ಕಿಸಿಕೊಂಡು ಈಜಬೇಕಾಗುತ್ತದೆ, ಬಾಯಿ ಮುಚ್ಚಲಾಗದೆ ಸಾಯಲೂಬಹುದು. ಟ್ರೇಸ್ ಇಲ್ಲದ ದಿನ ಪೈಕ್‌ಗೆ ಗಾಳ ಹಾಕಲೇಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಟ್ರೇಸ್ ಕನಿಷ್ಠ 30 ಸೆಂ.ಮೀ. ಇರಲಿ, 40 ಇದ್ದರೆ ಇನ್ನೂ ನಿಶ್ಚಿಂತೆ. ಮೀನು ಹೊರಳಿದಾಗ ಗಿಡ್ಡ ಟ್ರೇಸ್ ದಾಟಿ ದಾರ ಹಲ್ಲಿಗೆ ಹೋಗುತ್ತದೆ. ಏಳೇಳು ಎಳೆಯ ಏಳು ಹುರಿ ಸೇರಿಸಿ ಹೆಣೆದ ಸ್ಟೀಲ್ ವೈರ್ ಮೆತ್ತಗಿರುತ್ತದೆ, ಲೂರಿನ ನಡೆ ಕೆಡಿಸುವುದಿಲ್ಲ. ಆದರೆ ಒಂದೆರಡು ದೊಡ್ಡ ಮೀನಿನ ನಂತರ ಗುಂಗುರಾಗುತ್ತದೆ. ಗುಂಗುರಾದದ್ದನ್ನು ಎಸೆದು ಹೊಸದು ಕಟ್ಟಿ. ಟೈಟಾನಿಯಂ ದುಬಾರಿ, ಆದರೆ ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ, ಬಹಳ ಕಾಲ ಬರುತ್ತದೆ.

ಫ್ಲೋರೋಕಾರ್ಬನ್ ಬಗ್ಗೆ ವಾದ ಇದೆ. 0.80ರಿಂದ 1.0 ಮಿ.ಮೀ. ದಪ್ಪದ್ದನ್ನು ಬಳಸುವ ಅನುಭವಿಗಳಿದ್ದಾರೆ. ನೀರಿನಲ್ಲಿ ಕಡಿಮೆ ಕಾಣುತ್ತದೆ ಎನ್ನುವುದು ನಿಜ. ಆದರೆ ಅಷ್ಟು ದಪ್ಪದ್ದನ್ನೂ ಪೈಕ್ ಕತ್ತರಿಸಬಲ್ಲದು. ಪ್ರತಿ ಮೀನಿನ ನಂತರ ಬೆರಳಾಡಿಸಿ ಗೀರು ಬಿದ್ದಿದೆಯಾ ನೋಡಲೇಬೇಕು. ಹೊಸಬರಿಗೆ ನಾನು ವೈರನ್ನೇ ಹೇಳುತ್ತೇನೆ.

ರಾಡ್, ರೀಲ್, ದಾರ ಎಂಥದ್ದಿರಬೇಕು?

2.2ರಿಂದ 2.7 ಮೀಟರ್ ಉದ್ದದ, 30ರಿಂದ 100 ಗ್ರಾಂ ಎಸೆಯಬಲ್ಲ ರಾಡ್ ಹೆಚ್ಚಿನ ಕೆಲಸಕ್ಕೆ ಸಾಕು. ಲೂರಿನ ತೂಕ, ಜಿಗ್ ಹೆಡ್ ತೂಕ ಎರಡನ್ನೂ ಕೂಡಿಸಿ ಲೆಕ್ಕ ಹಾಕಿ. ರೀಲ್ 4000 ಅಳತೆಯದ್ದು, ಅಂದರೆ ಮಧ್ಯಮ ಗಾತ್ರದ್ದು ಇರಲಿ. ದಿನವಿಡೀ ದೊಡ್ಡ ಲೂರ್ ಎಸೆಯುವವರು ರಾಡಿನ ಮೇಲ್ಬದಿಗೆ ಕೂರುವ ಬೈಟ್‌ಕಾಸ್ಟಿಂಗ್ ರೀಲಿಗೆ ಹೋಗುತ್ತಾರೆ, ಕೈ ಕಡಿಮೆ ನೋಯುತ್ತದೆ.

ದಾರ ಬ್ರೇಡ್ ಆಗಿರಲಿ, 15–20 ಕೆ.ಜಿ. ತಡೆಯುವಂಥದ್ದು. ಬ್ರೇಡ್ ಹಿಗ್ಗುವುದಿಲ್ಲ. ಲೂರ್ ತಳ ಮುಟ್ಟಿದ್ದು, ಕಳೆಗೆ ಉಜ್ಜಿದ್ದು, ಮೀನು ಮುಟ್ಟಿ ಬಿಟ್ಟದ್ದು ಎಲ್ಲವೂ ಕೈಗೆ ತಿಳಿಯುತ್ತದೆ. ದೂರದಲ್ಲಿ ಕಚ್ಚಿದರೂ ಗಾಳ ಸರಿಯಾಗಿ ಇಳಿಯುತ್ತದೆ.

ಲೂರನ್ನು ಹೇಗೆ ಎಳೆಯಬೇಕು?

ನಿಧಾನಕ್ಕೆ. ನಿಮಗೆ ನಿಧಾನ ಅನಿಸಿದ ಮೇಲೆ ಇನ್ನೂ ಸ್ವಲ್ಪ ನಿಧಾನಕ್ಕೆ. ರಾಡಿನ ತುದಿಯಲ್ಲಿ ಬಾಲದ ಒದೆತ ಟಕ್ ಟಕ್ ಎಂದು ತಿಳಿಯುತ್ತಿದ್ದರೆ ಸಾಕು, ಅದಕ್ಕಿಂತ ಜೋರು ಬೇಡ.

ಒಂದೇ ವೇಗದ ಎಳೆತದಿಂದ ಶುರು ಮಾಡಿ, ಅದರಲ್ಲಿ ಒಂದೊಂದೇ ಬದಲಾವಣೆ ಸೇರಿಸಿ. ನಾಲ್ಕೈದು ಸುತ್ತಿಗೆ ಒಮ್ಮೆ ನಿಲ್ಲಿಸಿ, ಲೂರ್ ಕೆಳಗೆ ಜಾರಲಿ, ಮತ್ತೆ ಎಳೆಯಿರಿ. ಹಿಂದೆ ಸುಮ್ಮನೆ ಬರುತ್ತಿದ್ದ ಪೈಕ್ ಈ ನಿಲುಗಡೆಯಲ್ಲೇ ಮನಸ್ಸು ಮಾಡುತ್ತದೆ. ಅದಕ್ಕೇ ನಿಲ್ಲಿಸಿದಾಗ ದಾರ ಪೂರ್ತಿ ಸಡಿಲ ಬಿಡಬೇಡಿ. ಕಡಿತ ಬರುವುದು ಹೊಡೆತದಂತೆಯೇ ಆಗಬೇಕೆಂದಿಲ್ಲ. ದಾರ ಪಕ್ಕಕ್ಕೆ ಸರಿಯಬಹುದು, ಲೂರಿನ ಭಾರ ಇದ್ದಕ್ಕಿದ್ದಂತೆ ಮಾಯವಾಗಬಹುದು. ಪೈಕ್ ಹಿಂದಿನಿಂದ ಬಂದು ನಿಮ್ಮ ಕಡೆಗೇ ಈಜುತ್ತಾ ಕಚ್ಚಿದರೆ ಹೀಗಾಗುತ್ತದೆ.

ಆಳದಲ್ಲಾದರೆ ಜಿಗ್ ಮಾಡಬಹುದು: ತಳ ಮುಟ್ಟಿಸಿ, ರಾಡ್ ಮೇಲೆತ್ತಿ, ಮತ್ತೆ ಇಳಿಸಿ. ಎತ್ತುವುದು ಹೇಗಿದ್ದರೂ ನಡೆಯುತ್ತದೆ, ಇಳಿಸುವುದನ್ನು ಮಾತ್ರ ಹಿಡಿತದಲ್ಲಿಟ್ಟುಕೊಳ್ಳಿ. ಕಡಿತ ಬರುವುದು ಹೆಚ್ಚಾಗಿ ಆಗಲೇ.

ಎಸೆಯುವ ದಿಕ್ಕಿನ ಬಗ್ಗೆ ಒಂದು ಮಾತು. ದಡದಲ್ಲಿ ನಿಂತವರೆಲ್ಲ ಕೆರೆಯ ನಡುವಿಗೆ ಎಸೆಯುತ್ತಾರೆ. ಪೈಕ್ ಇರುವುದು ಎಷ್ಟೋ ಸಲ ಅವರ ಕಾಲಿನ ಪಕ್ಕದ ಜೊಂಡಿನಲ್ಲಿ. ಮೊದಲ ಎಸೆತಗಳು ದಡಕ್ಕೆ ಸಮಾನಾಂತರವಾಗಿರಲಿ.

ಮೀನು ಹಿಂದೆಯೇ ಬರುತ್ತದೆ, ಕಚ್ಚುವುದಿಲ್ಲ. ಏನಾದರೂ ಉಪಾಯ ಇದೆಯೇ?

ಇದೆ. ಲೂರ್ ಹತ್ತಿರ ಬಂದಾಗ ತಟ್ಟನೆ ನೀರಿನಿಂದ ಎತ್ತಬೇಡಿ. ರಾಡಿನ ತುದಿ ನೀರಿಗೆ ಇಳಿಸಿ, ಲೂರನ್ನು ದೊಡ್ಡದಾಗಿ 8ರ ಆಕಾರದಲ್ಲಿ ತಿರುಗಿಸಿ. ತಿರುವು ಅಗಲವಾಗಿರಲಿ, ಉದ್ದನೆಯ ಮೀನು ಚಿಕ್ಕ ತಿರುವಿನಲ್ಲಿ ಬಾಗಲಾರದು. ತಿರುವಿನಲ್ಲಿ ಲೂರ್ ಸ್ವಲ್ಪ ಮೇಲೇರಿದರೆ ಇನ್ನೂ ಒಳ್ಳೆಯದು.

ಆಗಲೂ ಹೋಗಿಬಿಟ್ಟರೆ ಜಾಗ ನೆನಪಿಡಿ. ಅರ್ಧ ಗಂಟೆ ಬಿಟ್ಟು ಬೇರೆ ಲೂರ್, ಅದರಲ್ಲೂ ಚಿಕ್ಕದೋ ಒದೆತ ಇಲ್ಲದ ಜರ್ಕ್ ಶಾಡೋ ಕಟ್ಟಿಕೊಂಡು ಅಲ್ಲಿಗೇ ಎಸೆಯಿರಿ. ಪೈಕ್ ಅಷ್ಟು ಬೇಗ ಜಾಗ ಬಿಡುವುದಿಲ್ಲ.

ಕಚ್ಚಿದ ಮೇಲೆ ನುಂಗಲು ಸಮಯ ಕೊಡಬೇಕೇ?

ಕೂಡದು. ತಿಳಿದ ಕೂಡಲೇ ಎಳೆಯಿರಿ. ತಡ ಮಾಡಿದಷ್ಟೂ ಗಾಳ ಗಂಟಲಿನ ಕಡೆ ಹೋಗುತ್ತದೆ.

ವರ್ಷದ ಯಾವ ಕಾಲ ಒಳ್ಳೆಯದು?

ಪೈಕ್ ಯುರೋಪ್, ಏಷ್ಯಾದ ಉತ್ತರ ಭಾಗ, ಉತ್ತರ ಅಮೆರಿಕ, ಇಷ್ಟೂ ಕಡೆ ಇರುವ ತಂಪು ನೀರಿನ ಮೀನು. ತಿಂಗಳ ಲೆಕ್ಕ ಊರಿಂದೂರಿಗೆ ಬದಲಾಗುತ್ತದೆ. ನೀರಿನ ಉಷ್ಣತೆ ನೋಡುವುದೇ ಸರಿ.

ಹಿಮ ಕರಗಿದ ಕೂಡಲೇ, ನೀರು 4ರಿಂದ 11 ಡಿಗ್ರಿ ಸೆಲ್ಸಿಯಸ್ ಇರುವಾಗ ಅವು ಮುಳುಗಿದ ಹುಲ್ಲಿರುವ ಆಳವಿಲ್ಲದ ಜಾಗಕ್ಕೆ ಮೊಟ್ಟೆ ಇಡಲು ಬರುತ್ತವೆ. ಅಂಟಂಟಾದ ಮೊಟ್ಟೆಗಳು ಗಿಡಗಳಿಗೆ ಹತ್ತಿಕೊಳ್ಳುತ್ತವೆ. ಅಲ್ಲಿ ಸಿಗುವ ಭಾರೀ ಮೀನುಗಳು ಹೆಚ್ಚುಕಮ್ಮಿ ಎಲ್ಲವೂ ಹೆಣ್ಣು. ಆ ದಿನಗಳಲ್ಲಿ ಅವುಗಳನ್ನು ಅವುಗಳ ಪಾಡಿಗೆ ಬಿಡಿ. ಮುಗಿದ ಮೇಲೆ ಅವು ಹಸಿದಿರುತ್ತವೆ, ಆದರೆ ದಣಿದೂ ಇರುತ್ತವೆ. ನಿಧಾನದ ದೊಡ್ಡ ಶಾಡ್‌ಗೆ ಆಗ ಒಳ್ಳೆಯ ಕಾಲ.

ಬೇಸಿಗೆಯಲ್ಲಿ ಸಣ್ಣವು ಕಳೆಯ ನಡುವೆ ಉಳಿಯುತ್ತವೆ, ದೊಡ್ಡವು ತಂಪು ಹುಡುಕಿಕೊಂಡು ಆಳಕ್ಕೆ ಇಳಿಯುತ್ತವೆ. ನೀರು 20 ಡಿಗ್ರಿ ದಾಟಿದರೆ ನಾನು ಪೈಕ್‌ಗೆ ಗಾಳ ಹಾಕುವುದಿಲ್ಲ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಸೆಣಸಿ ಸುಸ್ತಾದ ಮೀನು ಈಜಿ ಹೋದಂತೆ ಕಂಡರೂ ಆಮೇಲೆ ಸಾಯಬಹುದು.

ಶರತ್ಕಾಲವೇ ನನಗೆ ಎಲ್ಲಕ್ಕಿಂತ ಇಷ್ಟ. ಕಳೆ ಸಾಯುತ್ತಾ ಬರುತ್ತದೆ, ಸಣ್ಣ ಮೀನುಗಳಿಗೆ ಅಡಗಲು ಜಾಗ ಕಡಿಮೆಯಾಗುತ್ತದೆ, ಪೈಕ್ ಚಳಿಗಾಲಕ್ಕೆ ಮುಂಚೆ ಗಟ್ಟಿಯಾಗಿ ತಿನ್ನುತ್ತದೆ. ಇನ್ನೂ ಹಸಿರಾಗಿ ಉಳಿದ ಕಳೆಯ ತೇಪೆ ಎಲ್ಲಿದೆ ಹುಡುಕಿ, ಅಲ್ಲಿ ಎಸೆಯಿರಿ. ಚಳಿಗಾಲದಲ್ಲೂ ಸಿಗುತ್ತದೆ. ಆಗ ಲೂರ್ ತಳದ ಹತ್ತಿರ, ಬಹುಪಾಲು ನಿಂತಷ್ಟೇ ನಿಧಾನವಾಗಿ ಹೋಗಬೇಕು.

ಮೀನು ಹತ್ತಿರ ಬಂತು. ಈಗ ಏನು ಮಾಡಲಿ?

ಈ ಪ್ರಶ್ನೆಯನ್ನು ಗಾಳ ಎಸೆಯುವ ಮೊದಲೇ ಕೇಳಿಕೊಳ್ಳಬೇಕು. ಕೈಗೆ ಎಟಕುವಂತೆ ನಾಲ್ಕು ವಸ್ತು ಇರಲೇಬೇಕು: ರಬ್ಬರ್ ಲೇಪಿಸಿದ ದೊಡ್ಡ ಕೈಬಲೆ, ಉದ್ದ ಮೂಗಿನ ಇಕ್ಕಳ, ಗಾಳವನ್ನೇ ಕತ್ತರಿಸಬಲ್ಲ ಗಟ್ಟಿ ಕಟ್ಟರ್, ಮೀನು ಮಲಗಿಸಲು ಮೆತ್ತನೆಯ ಚಾಪೆ. ಇಕ್ಕಳ 25 ಸೆಂ.ಮೀ.ಗಿಂತ ಗಿಡ್ಡವಾಗಿದ್ದರೆ ನಿಮ್ಮ ಬೆರಳು ಹಲ್ಲಿನ ಸಾಲಿಗೇ ಹೋಗುತ್ತದೆ.

ಸಾಧ್ಯವಾದರೆ ಮೀನನ್ನು ನೀರಿನಲ್ಲೇ, ಬಲೆಯೊಳಗೇ ಬಿಡಿಸಿ. ಎಷ್ಟೋ ಸಲ ಇಕ್ಕಳದಿಂದ ಗಾಳ ಹಿಡಿದು ಒಮ್ಮೆ ತಿರುಗಿಸಿದರೆ ಬಿಡುಗಡೆ. ಮೇಲೆ ತೆಗೆಯಲೇಬೇಕಾದರೆ ಚಾಪೆ ಒದ್ದೆ ಮಾಡಿ, ಕೈಯನ್ನೂ ಒದ್ದೆ ಮಾಡಿಕೊಳ್ಳಿ. ಒಣ ಕೈ ಮೀನಿನ ಮೈಯ ಲೋಳೆ ಕಿತ್ತುಹಾಕುತ್ತದೆ, ಸೋಂಕು ತಡೆಯುವುದು ಆ ಲೋಳೆಯೇ.

ಬಾಯಿ ತೆರೆಸಲು ಕಿವಿರಿನ ಮುಚ್ಚಳದ ಕೆಳಗಿನಿಂದ ಎರಡು ಬೆರಳು ಒಳಗೆ ಜಾರಿಸಿ. ಮುಚ್ಚಳದ ಒಳಗೋಡೆಗೆ ಅಂಟಿಕೊಂಡೇ ಬೆರಳನ್ನು ಗದ್ದದ ತುದಿಯ ಕಡೆ ಸರಿಸಿ. ಅಲ್ಲಿ ಹಲ್ಲೂ ಇಲ್ಲ, ಕಿವಿರೂ ಇಲ್ಲ. ಹಿಡಿದು ಮೆಲ್ಲಗೆ ಎತ್ತಿದರೆ ಬಾಯಿ ತಾನೇ ತೆರೆಯುತ್ತದೆ. ಕೆಂಪು ಕಿವಿರಿಗೆ ಮಾತ್ರ ಬೆರಳು ತಾಗಬಾರದು, ರಕ್ತ ಬಂದರೆ ಮೀನು ಉಳಿಯುವುದು ಕಷ್ಟ. ಈ ಹಿಡಿತ ಪುಸ್ತಕ ಓದಿ ಬರುವಂಥದ್ದಲ್ಲ, ಗೊತ್ತಿರುವವರ ಪಕ್ಕ ನಿಂತು ಒಮ್ಮೆ ನೋಡಿ ಕಲಿಯಿರಿ.

ಗಾಳ ಆಳಕ್ಕೆ ಹೋಗಿದ್ದರೆ ಎಳೆದಾಡಬೇಡಿ. ಕಟ್ಟರ್ ತೆಗೆದುಕೊಂಡು ಮೊನೆಯನ್ನೇ ಕತ್ತರಿಸಿ. ಒಂದು ಗಾಳ ಹೋದರೆ ಇನ್ನೊಂದು ಸಿಗುತ್ತದೆ.

ಫೋಟೋ ಬೇಕಾದರೆ ಕ್ಯಾಮೆರಾ ಮೊದಲೇ ಸಿದ್ಧ ಇರಲಿ. ಮೀನನ್ನು ಅಡ್ಡವಾಗಿ, ಹೊಟ್ಟೆಗೆ ಕೈ ಕೊಟ್ಟು, ನೆಲಕ್ಕೆ ಹತ್ತಿರವಾಗಿ ಹಿಡಿಯಿರಿ. ದವಡೆ ಹಿಡಿದು ನೇತಾಡಿಸುವುದು ಬೇಡವೇ ಬೇಡ. ಬಿಡುವಾಗ ನೀರಿನಲ್ಲಿ ನೆಟ್ಟಗೆ ಹಿಡಿದುಕೊಂಡಿರಿ. ಅದು ತಾನಾಗಿ ಬಾಲ ಬೀಸಿ ಹೋಗುವವರೆಗೂ ತಳ್ಳಬೇಡಿ.

ಒಂದೇ ಮೀನಿಗೆ ಲೂರ್ ಹರಿದು ಹೋಯಿತು. ರಿಪೇರಿ ಆಗುತ್ತದೆಯೇ?

ಪಿವಿಸಿ ಲೂರ್ ಆದರೆ ಆಗುತ್ತದೆ. ಚೆನ್ನಾಗಿ ಒರೆಸಿ ಒಣಗಿಸಿ. ಕಾಯಿಸಿದ ಚಾಕುವಿನ ಅಲಗನ್ನು ಸೀಳಿನ ನಡುವೆ ಇಟ್ಟು, ಎರಡೂ ಬದಿ ಕರಗಿದ ಕೂಡಲೇ ಅಲಗು ತೆಗೆದು ಒತ್ತಿ ಹಿಡಿಯಿರಿ. ಕಿಟಕಿ ತೆರೆದಿರಲಿ ಅಥವಾ ಹೊರಗೆ ಮಾಡಿ, ಆ ಹೊಗೆ ಎಳೆದುಕೊಳ್ಳುವುದು ಒಳ್ಳೆಯದಲ್ಲ. ಸಣ್ಣ ಸೀಳಿಗೆ ಸೂಪರ್ ಗ್ಲೂ ಸಾಕು. ಮೂಗು ಸಡಿಲವಾಗಿ ಜಿಗ್ ಹೆಡ್‌ನಿಂದ ಜಾರುತ್ತಿದ್ದರೂ ಒಂದು ಹನಿ ಸೂಪರ್ ಗ್ಲೂ ಹಾಕಿ ಕೂರಿಸಬಹುದು.

ಡಬ್ಬಿಯಲ್ಲಿಟ್ಟ ಲೂರುಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿವೆ. ಏನಾಯಿತು?

ಪಿವಿಸಿ ಮತ್ತು ಟಿಪಿಇ ಒಟ್ಟಿಗೆ ಇಟ್ಟಿದ್ದೀರಿ. ಎರಡೂ ತಾಗಿದರೆ ಕರಗಿ ಅಂಟು ಮುದ್ದೆಯಾಗುತ್ತವೆ. ಟಿಪಿಇಯನ್ನು ಅದು ಬಂದ ಪ್ಯಾಕೆಟ್‌ನಲ್ಲೇ ಇಡಿ. ಕೆಲವು ಅಗ್ಗದ ಡಬ್ಬಿಗಳ ಗಟ್ಟಿ ಪ್ಲಾಸ್ಟಿಕ್ಕನ್ನೂ ಪಿವಿಸಿ ಲೂರಿನ ಎಣ್ಣೆ ಕರಗಿಸುತ್ತದೆ. ಬಣ್ಣವೂ ಹರಡುತ್ತದೆ, ಬಿಳಿ ಲೂರ್ ಪಕ್ಕ ಕೆಂಪು ಇಟ್ಟರೆ ಸ್ವಲ್ಪ ದಿನಕ್ಕೆ ಎರಡೂ ಗುಲಾಬಿ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಕಾನೂನು ಏನನ್ನುತ್ತದೆ?

ಒಂದೊಂದು ದೇಶದಲ್ಲಿ ಒಂದೊಂದು, ಕೆಲವೆಡೆ ಒಂದೊಂದು ಕೆರೆಗೂ ಬೇರೆ. ಇಂಗ್ಲೆಂಡ್‌ನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 14ರವರೆಗೆ ಪೈಕ್ ಹಿಡಿಯುವಂತಿಲ್ಲ. ನೆದರ್ಲೆಂಡ್ಸ್‌ನ ಬಹುತೇಕ ಒಳನಾಡು ನೀರಿನಲ್ಲಿ ಏಪ್ರಿಲ್ 1ರಿಂದ ಮೇ ಕೊನೆಯ ಶನಿವಾರದವರೆಗೆ ಇಂಥ ಲೂರುಗಳನ್ನೇ ಬಳಸುವಂತಿಲ್ಲ. ಐರ್ಲೆಂಡ್‌ನಲ್ಲಿ 2006ರ ನಿಯಮದಂತೆ 50 ಸೆಂ.ಮೀ.ಗಿಂತ ದೊಡ್ಡ ಪೈಕ್ ಕೊಲ್ಲುವಂತಿಲ್ಲ. ದೊಡ್ಡ ತಾಯಿ ಮೀನುಗಳನ್ನು ಉಳಿಸುವ ನಿಯಮ ಇದು, ನನಗೆ ಬಹಳ ಸರಿ ಅನಿಸುತ್ತದೆ. ನಿಯಮಗಳು ಬದಲಾಗುತ್ತಿರುತ್ತವೆ. ಹೊರಡುವ ಮೊದಲು ಆ ನೀರಿನ ಪರವಾನಗಿ ಕೊಡುವವರನ್ನೇ ಕೇಳಿ.

ಲೂರ್ ನೀರಿನಡಿ ಸಿಕ್ಕಿಕೊಂಡರೆ ಬಿಡಿಸುವುದು ಹೇಗೆ?

ರಾಡ್ ಬಾಗಿಸಿ ಜಗ್ಗಬೇಡಿ, ಗಾಳ ಇನ್ನೂ ಆಳಕ್ಕೆ ಕಚ್ಚಿಕೊಳ್ಳುತ್ತದೆ. ದಾರ ಸಡಿಲ ಬಿಟ್ಟು ರಾಡ್ ತುದಿಯನ್ನು ಸಣ್ಣಗೆ ಅಲುಗಿಸಿ. ಆಗದಿದ್ದರೆ ಎದುರು ಬದಿಗೆ ನಡೆದು ಹೋಗಿ, ಎಸೆದ ದಿಕ್ಕಿಗೆ ವಿರುದ್ಧವಾಗಿ ಎಳೆಯಿರಿ. ಅರ್ಧಕ್ಕರ್ಧ ಹೀಗೇ ಬಿಟ್ಟು ಬರುತ್ತವೆ.

ಕೊನೆಗೆ ಕಡಿಯಲೇಬೇಕು ಎಂದಾದರೆ ಬ್ರೇಡನ್ನು ಬರಿಗೈಗೆ ಸುತ್ತಿಕೊಳ್ಳಬೇಡಿ, ಕೈ ಸೀಳಿಬಿಡುತ್ತದೆ. ಒಂದು ಕೋಲಿಗೆ ಸುತ್ತಿ, ಮುಖ ಪಕ್ಕಕ್ಕೆ ಮಾಡಿ, ನೇರವಾಗಿ ಹಿಂದಕ್ಕೆ ನಡೆಯಿರಿ. ಬಿಟ್ಟು ಬಂದ ಲೂರ್ ನೀರಿನಲ್ಲಿ ವರ್ಷಗಟ್ಟಲೆ ಕೊಳೆಯದೆ ಇರುತ್ತದೆ. ಮೀನು ನುಂಗಿದರೆ ಅದರ ಹೊಟ್ಟೆಯಲ್ಲೂ ಕರಗುವುದಿಲ್ಲ. ಅದಕ್ಕೇ ದಾರ, ಗಂಟು, ಟ್ರೇಸ್ ಮೂರನ್ನೂ ಬಲವಾಗಿಯೇ ಕಟ್ಟಿ. ಹರಿದ ಬಾಲದ ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಬನ್ನಿ. ಬೇರೆಯವರು ಬಿಟ್ಟ ಲೂರ್ ದಡದಲ್ಲಿ ಕಂಡರೆ ಅದನ್ನೂ ತನ್ನಿ.